ಅಂಚಿನ ಜೋಳ

ಯಂತ್ರದ ಮೂಗು ಬಂದ ಮೇಲೆ ಹುಬ್ಬಳ್ಳಿಯ ಜನ ಕಾಳು ಮೂಸುವುದನ್ನೇ ಬಿಟ್ಟರು. ಮೊದಲೆಲ್ಲ ನಮ್ಮ ಅತ್ತೆ ಜೋಳ ತರಲು ಹೋದರೆ ಮೂರು ಅಂಗಡಿಯನ್ನಾದರೂ ಸುತ್ತಬೇಕಿತ್ತು. ಬೊಗಸೆ ತುಂಬ ಎತ್ತಿ ಮೂಗಿಗೆ ಹಿಡಿದು, ಎರಡು ಕಾಳು ಹಲ್ಲಿನ ನಡುವೆ ಕಡಿದು, "ಇದು ಹೋದ ವರ್ಷದ್ದು. ನನಗ ಗೊತ್ತಾಗಂಗಿಲ್ಲ ಅಂತ ತಿಳಕೊಂಡಿಯೇನಪಾ?" ಎಂದು ಅಂಗಡಿಯವನ ಮಾನ ಬೀದಿಗೆ ತಂದು, ಕೊನೆಗೆ ಅದೇ ಜೋಳವನ್ನು ಕೊಳ್ಳುತ್ತಿದ್ದರು. ಈಗ ಚೀಲದ ಮೇಲೆ ಹಸಿರು ಚುಕ್ಕೆ ಇದೆಯೇ ಎಂದು ನೋಡುತ್ತಾರೆ, ಎತ್ತಿಸಿಕೊಂಡು ಬರುತ್ತಾರೆ. ಯಾರ ಜೊತೆಗೂ ಜಗಳವಾಡದೆ ಮನೆಗೆ ಬಂದ ದಿನ ಅವರಿಗೆ ಪೇಟೆಗೆ ಹೋಗಿ ಬಂದ ಸಮಾಧಾನವೇ ಇರುವುದಿಲ್ಲ.

ಅದಕ್ಕೆಲ್ಲ ಸೊಸೆಯೇ ಕಾರಣ ಎಂಬುದು ಅವರ ದೂರು. ಪೂರ್ತಿ ಸುಳ್ಳೂ ಅಲ್ಲ.

ಮೂಗಿನ ಗುಟ್ಟು ದೊಡ್ಡದೇನಲ್ಲ. ಕಾಳಿಗೂ ಉಸಿರಿದೆ. ಗಟ್ಟಿ ಕಾಳಿನ ಉಸಿರು ಒಂದು ತರಹ, ಬೂಷ್ಟು ಹಿಡಿಯುತ್ತಿರುವ ಕಾಳಿನದು ಇನ್ನೊಂದು ತರಹ. ಯಂತ್ರದೊಳಗೆ ಅರವತ್ತನಾಲ್ಕು ತೆಳು ಪದರಗಳಿವೆ. ಒಂದೊಂದು ಪದರ ಒಂದೊಂದು ಅನಿಲವನ್ನು ಗುರುತಿಸುತ್ತದೆ. ಆದರೆ ಯಾವ ವಾಸನೆ ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಯಂತ್ರಕ್ಕೆ ತಾನಾಗಿ ಗೊತ್ತಾಗುವುದಿಲ್ಲ. ಕೂಸಿಗೆ ಕಲಿಸಿದ ಹಾಗೆ ಕಲಿಸಬೇಕು. ನಲವತ್ತು ಸಾವಿರ ಮಾದರಿಗಳನ್ನು ಮೂಸಿಸಿ, "ಇದು ಹಸಿರು, ಇದು ಕೆಂಪು" ಎಂದು ಅದಕ್ಕೆ ಪಾಠ ಹೇಳಿದವರು ಆರು ಜನ. ಕುಮುದಿನಿ ಎಂಬ ಹೆಸರಿನ ನಾನು ಅವರಲ್ಲಿ ಒಬ್ಬಳು. ಮಗುವನ್ನು ಶಾಲೆಗೆ ಸೇರಿಸಿದ ದಿನಕ್ಕಿಂತ ಮೂಗನ್ನು ಮಾರುಕಟ್ಟೆಯ ಬಾಗಿಲಿಗೆ ಕೂರಿಸಿದ ದಿನ ನಾನು ಹೆಚ್ಚು ಬೀಗಿದ್ದೆ ಎಂದು ನನ್ನ ಗಂಡ ಈಗಲೂ ಆಡಿಕೊಳ್ಳುತ್ತಾರೆ.

ಒಳ್ಳೆಯದೂ ಆಯಿತು, ಇಲ್ಲವೆನ್ನಬಾರದು. ಮಾರಾಟಕ್ಕೆ ಬರುವ ಪ್ರತಿ ಚೀಲವೂ ಮೂಗಿನ ಮುಂದೆ ಹಾಯಬೇಕು ಎಂದು ಆಹಾರ ಪರಿಷತ್ತು ಕಾನೂನು ಮಾಡಿತು. ಹಾಸ್ಟೆಲುಗಳಲ್ಲಿ ಮಕ್ಕಳು ಸಾಲಾಗಿ ವಾಂತಿ ಮಾಡಿಕೊಳ್ಳುವುದು ನಿಂತಿತು. ಕೆಟ್ಟ ಕಾಳಿಗೆ ಒಳ್ಳೆಯ ಕಾಳು ಬೆರೆಸಿ ಮಾರುವವರು ಬೇರೆ ಕಸುಬು ಹುಡುಕಿಕೊಂಡರು. ಮಾರುವವರಿಗೆಲ್ಲ ಒಂದೊಂದು ಸಂಖ್ಯೆ ಕೊಟ್ಟರು. ಒಂದು ಸಂಖ್ಯೆಯ ಮೇಲೆ ವರ್ಷದಲ್ಲಿ ಮೂರು ಸಲ ಕೆಂಪು ಬಿದ್ದರೆ ಅವರ ಪರವಾನಗಿ ಹೋಯಿತು. ಆ ನಿಯಮವನ್ನು ಬರೆದ ಸಮಿತಿಯಲ್ಲೂ ನಾನಿದ್ದೆ.

ನಮ್ಮ ನಿಯಂತ್ರಣ ಕೊಠಡಿ ಇದ್ದದ್ದು ಧಾರವಾಡದಲ್ಲಿ. ಗೋಡೆಯ ತುಂಬ ನಾಡಿನ ನಕ್ಷೆ, ಅದರಲ್ಲಿ ಒಂಬೈನೂರು ಬಾಗಿಲುಗಳ ಒಂಬೈನೂರು ಚುಕ್ಕೆ. ಒಂದು ಬುಧವಾರ ಮಧ್ಯಾಹ್ನ ಇಬ್ಬರು ಹೆಂಗಸರು ಕಾವಲುಗಾರನನ್ನು ಹೇಗೋ ದಾಟಿಕೊಂಡು ಒಳಗೆ ಬಂದರು. ಅವನ ಬಾಯಲ್ಲಿ ಚಟ್ನಿಯ ಗುರುತಿತ್ತು, ಹೇಗೆ ದಾಟಿದರೆಂದು ಕೇಳಬೇಕಾಗಲಿಲ್ಲ.

"ಮೂಗಿನ ಬಾಯಾರು ನೀವ ಏನ್ರಿ?" ಎಂದಳು ಮುಂದಿದ್ದವಳು. ನಲವತ್ತರ ಸುಮಾರಿನ ಗಟ್ಟಿ ಹೆಂಗಸು. ಹೆಸರು ಬಾಳವ್ವ.

"ಹೌದು. ಕೂತುಕೊಳ್ಳಿ."

"ಕುಂದ್ರೂದು ಆಮ್ಯಾಲ. ಮೊದಲ ಇದನ್ನ ತಿನ್ರಿ." ಬಟ್ಟೆಯ ಗಂಟು ಬಿಚ್ಚಿ ಕಡಕ್ ರೊಟ್ಟಿ, ಗುರೆಳ್ಳು ಚಟ್ನಿಯನ್ನು ನನ್ನ ಮೇಜಿನ ಕಾಗದಗಳ ಮೇಲೆಯೇ ಇಟ್ಟಳು. "ಜಾಲಿದಿನ್ನಿ ರೊಟ್ಟಿಮನಿಯಿಂದ ಬಂದೀವ್ರಿ. ಇಪ್ಪತ್ತೆರಡ ಸಾಲಿ ಮಕ್ಕಳ ಮಧ್ಯಾಹ್ನದ ಊಟಕ್ಕ ರೊಟ್ಟಿ ಕೊಡ್ತೀವಿ. ಈ ವರ್ಷ ನಮ್ಮ ಪ್ಯಾಟಿ ಬಾಗಲಿಗೆ ಬಂದ ನಿಮ್ಮ ಯಂತ್ರ ನಮ್ಮ ಜೋಳಕ್ಕ ಎರಡ ಸಲ ಕೆಂಪ ತೋರಸೇತಿ. ಅದ ಜೋಳದ ರೊಟ್ಟಿ ಇದು. ತಿಂದ ಹೇಳ್ರಿ, ಇದು ಕೆಟ್ಟೈತೇನು?"

ತಿಂದೆ. ರೊಟ್ಟಿ ಚೆನ್ನಾಗಿತ್ತು ಎಂದರೆ ಕಡಿಮೆಯಾದೀತು. ಎರಡನೆಯದಕ್ಕೆ ಕೈ ಹೋಗಿತ್ತು. ಆದರೆ ನಾಲಿಗೆಯ ಮಾತನ್ನು ನಂಬಬಾರದೆಂದೇ ಅಲ್ಲವೇ ಮೂಗು ಮಾಡಿದ್ದು? "ಬೂಷ್ಟಿನ ವಿಷಕ್ಕೆ ರುಚಿ ಇರಲೇಬೇಕು ಅಂತಿಲ್ಲಮ್ಮ," ಎಂದೆ.

"ಮತ್ತ ಎರಡ ವರ್ಷದಿಂದ ಒಂದ ಕೂಸಿನ ಹೊಟ್ಟೀನೂ ನೊಂದಿಲ್ಲಲ್ಲ? ಎರಡ ಶುಕ್ರವಾರ ಬಿಟ್ಟು ಮುಂದಿನ ಶುಕ್ರವಾರ ಮತ್ತ ಜೋಳ ತರತೀವಿ. ಮತ್ತೊಂದು ಕೆಂಪ ಬಿದ್ದರ ಹತ್ತೊಂಬತ್ತ ಮಂದಿ ಹೆಣ್ಣಮಕ್ಕಳು ಮನೀಗೆ ಹೋಗಬೇಕು." ಹಿಂದೆ ನಿಂತಿದ್ದ ಎತ್ತರದ ಹೆಂಗಸಿನ ಹೆಸರು ದಾವಲಬಿ. ಹೋಗುವಾಗ ಅವಳು ಒಂದು ಸಣ್ಣ ಚೀಲ ಜೋಳ ನನ್ನ ಕುರ್ಚಿಯ ಪಕ್ಕ ಇಟ್ಟು, "ಪರೀಕ್ಷಾ ಮಾಡ್ರಿ ಅಕ್ಕಾರ," ಎಂದಳು.

ಮಾಡಿಸಿದೆ. ಪ್ರಯೋಗಶಾಲೆಯಲ್ಲಿ ಕಾಳು ಅರೆದು, ಕರಗಿಸಿ, ವಿಷ ಅಳೆಯುವ ಹಳೆಯ ವಿಧಾನವೊಂದಿದೆ. ಅದಕ್ಕೆ ನಾಲ್ಕು ದಿನ ಬೇಕು. ಉತ್ತರ ಸೋಮವಾರ ಬಂತು. ವಿಷ ಇಲ್ಲ, ಬೂಷ್ಟು ಇಲ್ಲ, ನಮ್ಮ ಮನೆಯ ಹಸಿರು ಚುಕ್ಕೆಯ ಜೋಳಕ್ಕಿಂತ ಆ ಜೋಳವೇ ಶುದ್ಧವಾಗಿತ್ತು. ಹಾಗಾದರೆ ತಪ್ಪಿದ್ದು ಮೂಗು.

ಯಾಕೆ ತಪ್ಪಿತು ಎಂದು ಎರಡು ದಿನ ಹಳೆಯ ಕಡತ ಕೆದಕಿದೆ. ಜಾಲಿದಿನ್ನಿಯ ಜೋಳ ಗೋದಾಮಿನದಲ್ಲ, ಹಗೇವಿನದು. ನೆಲದೊಳಗೆ ಹೊಟ್ಟೆ ಅಗಲ, ಬಾಯಿ ಕಿರಿದಾಗಿ ತೋಡಿದ ಕಣಜ ಅದು. ಗೋಡೆಗೆ ಜೋಳದ ದಂಟು ಹಾಸಿ, ಕಾಳು ತುಂಬಿ, ಬಾಯಿಗೆ ಬಂಡೆ ಮುಚ್ಚಿ ಮಣ್ಣು ಮೆತ್ತುತ್ತಾರೆ. ಒಳಗಿನ ಗಾಳಿಯನ್ನು ಕಾಳೇ ಉಸಿರಾಡಿ ಮುಗಿಸುತ್ತದೆ, ಹುಳ ಉಸಿರು ಸಿಗದೆ ಸಾಯುತ್ತದೆ. ವಿದ್ಯುತ್ತು ಬೇಡ, ಔಷಧ ಬೇಡ. ಅಂಥ ಹಗೇವಿನ ಮಾದರಿ ನಾವು ಮೂಗಿಗೆ ಕಲಿಸಿದ್ದು ಎಷ್ಟು? ನಲವತ್ತು ಸಾವಿರದಲ್ಲಿ ಏಳು. ಏಳೂ "ಕೆಟ್ಟದ್ದು" ಎಂಬ ಪಟ್ಟಿಯಲ್ಲಿದ್ದವು. ಏಳು ಚೀಟಿಯ ಮೇಲೂ ನನ್ನದೇ ಅಕ್ಷರ.

ಎಲ್ಲಾ ನೆನಪಾಯಿತು. ಹದಿಮೂರು ವರ್ಷದ ಹಿಂದೆ ಏಳು ಊರು ತಿರುಗಿ ನಾನೇ ಆ ಮಾದರಿ ತಂದಿದ್ದೆ. ಹಗೇವು ಇಳಿಯುವವರು "ಬರ್ರಿ ಬಾಯಾರ, ಒಳಗಿಂದು ತಗೋರಿ" ಎಂದು ಕರೆದಿದ್ದರು. ಕತ್ತಲ ಬಾಯಿಯನ್ನು ಕಂಡು ನನಗೆ ಭಯವಾಗಿತ್ತು, ಹೊಸ ಚೂಡಿದಾರದ ಚಿಂತೆಯೂ ಇತ್ತು. ಬಾಯಿಯ ಬಳಿಯೇ ಬಗ್ಗಿ, ಅಂಚಿನಿಂದ ಒಂದೊಂದು ಹಿಡಿ ಬಾಚಿಕೊಂಡು ಬಂದಿದ್ದೆ. ಅಂಚಿಗೆ ಹೊರಗಿನ ತೇವ ತಾಗುತ್ತದೆ, ಗೋಡೆಯ ಪಕ್ಕದ ಕಾಳು ಕಪ್ಪಾಗುತ್ತದೆ ಎಂಬುದು ಆ ಊರುಗಳಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಡಾಕ್ಟರೇಟು ಮಾಡಿದ್ದ ನನಗೆ ಗೊತ್ತಿರಲಿಲ್ಲ.

ಆ ಸಂಜೆ ಮನೆಯಲ್ಲಿ ಅತ್ತೆಗೆ ಎಲ್ಲವನ್ನೂ ಹೇಳಿದೆ. ಬೇರೆ ಯಾರಿಗೆ ಹೇಳಲೂ ನಾಚಿಕೆ. ಅವರು ಮೆಂತ್ಯಸೊಪ್ಪು ಸೋಸುತ್ತ ಕೇಳಿಸಿಕೊಂಡರು.

"ಅಂದ್ರ ನೀ ಕೂಸಿಗೆ ತಾಟಿನ ಅಂಚಿಗೆ ಒಣಗಿದ್ದನ್ನಷ್ಟ ನೆಕ್ಕಿಸಿ, ಊಟ ಅಂದ್ರ ಹಿಂಗ ಇರ್ತದ ಅಂತ ಕಲಿಸಿದಿ," ಎಂದರು.

"ಹ್ಞೂಂ."

"ಆ ಕೆಂಪ ಚುಕ್ಕಿ ನೋಡಿ ಎಷ್ಟ ಊರಾಗ ಹಗೇವು ಮುಚ್ಯಾರ?"

ಆ ಲೆಕ್ಕವನ್ನೂ ಅಂದೇ ತೆಗೆದಿದ್ದೆ. ಅರವತ್ತೊಂದು. ಹೇಳಿದೆ. ಅತ್ತೆ ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ. ಸೊಪ್ಪಿನ ಬುಟ್ಟಿ ನನ್ನ ಕಡೆ ತಳ್ಳಿ, "ಅಳಕೋತ ಕೂತರ ಆಗಂಗಿಲ್ಲ. ಇದನ್ನ ಸೋಸು, ನಾಳೆ ಹೋಗಿ ಕೂಸಿಗೆ ಮತ್ತ ಕಲಿಸು," ಎಂದರು.

ನಮ್ಮ ಮುಖ್ಯಸ್ಥ ಪಟ್ಟಣಶೆಟ್ಟರು ಒಳ್ಳೆಯವರು, ಆದರೆ ಒಳ್ಳೆಯವರೆಲ್ಲ ಧೈರ್ಯವಂತರಾಗಿರುವುದಿಲ್ಲ. "ಒಂದ ಊರ ಸಲುವಾಗಿ ಒಂಬೈನೂರು ಬಾಗಲಿನ ಮೂಗು ತಿದ್ದೂದಾ? ಜನ ಏನಂತಾರ? ಹದಿಮೂರು ವರ್ಷ ಇವರು ಕುರುಡರ ಹಂಗ ಮೂಸ್ಯಾರ ಅನ್ನಂಗಿಲ್ಲಾ?" ಎಂದರು. ನಾನು ಏಳು ಚೀಟಿಗಳನ್ನು ಅವರ ಮುಂದೆ ಸಾಲಾಗಿ ಇಟ್ಟೆ. ಓದಿದರು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಓದಿದರು. "ಹೋಗಿ ಬರ್ರಿ," ಎಂದರು. "ಈ ಸಲ ಇಳೀರಿ ಮತ್ತ."

ಮರುದಿನ ಬೆಳಿಗ್ಗೆ ಜಾಲಿದಿನ್ನಿಗೆ ಹೋದೆ. ಹಗೇವುಗಳು ಊರ ರೈತರ ಸಂಘದವು, ಜೋಳವೂ ಸಂಘದ್ದೇ; ರೊಟ್ಟಿಮನೆ ಅದನ್ನು ಕೊಂಡು ತನ್ನ ಸಂಖ್ಯೆಯ ಮೇಲೆ ಬಾಗಿಲು ದಾಟಿಸುತ್ತಿತ್ತು. ಇಳಿಯುವುದು ಮಾತ್ರ ಬಾಳವ್ವ, ದಾವಲಬಿ ಮುಂತಾದವರ ಕೆಲಸ. ಗಂಡಸರು ಟ್ರ್ಯಾಕ್ಟರ್ ಹತ್ತಿದ ಮೇಲೆ ಹೆಂಗಸರು ಹಗೇವು ಇಳಿದರಂತೆ. ಬಂಡೆ ಸರಿಸಿ ಎರಡು ತಾಸು ಬಿಟ್ಟಿದ್ದರು. ದಾವಲಬಿ ಹಗ್ಗಕ್ಕೆ ಕಂದೀಲು ಕಟ್ಟಿ ಮೆಲ್ಲಗೆ ಇಳಿಬಿಟ್ಟಳು. ಅರ್ಧಕ್ಕೆ ಹೋಗುವುದರೊಳಗೆ ದೀಪ ಆರಿತು, ಒಳಗೆ ಇನ್ನೂ ಗಾಳಿ ಸೇರಿರಲಿಲ್ಲ. ಮತ್ತೊಂದು ತಾಸು ಕಾದೆವು. ಈ ಸಲ ದೀಪ ತಳದತನಕ ಉರಿಯಿತು.

"ಈಗ ಬರ್ರಿ," ಎಂದಳು ದಾವಲಬಿ. ಭುಜ ಒತ್ತಿಕೊಂಡೇ ಇಳಿಯಬೇಕು. ನನ್ನ ಕಾಲು ಕಾಳಿಗೆ ತಾಗಿ ಮೊಣಕಾಲತನಕ ಹೂತಾಗ ಕಿರುಚಿದೆ. ಮೇಲಿನಿಂದ ಬಾಳವ್ವ ನಕ್ಕಳು: "ಏನೂ ಆಗಂಗಿಲ್ರಿ, ಜೋಳ ಯಾರನ್ನೂ ನುಂಗಿಲ್ಲ." ಒಳಗೆ ಬೆಚ್ಚಗಿತ್ತು. ನಡುವಿನ ಜೋಳಕ್ಕೆ ಹಿಟ್ಟು ಹುದುಗಿದಂಥ ಒಂದು ಹುಳಿ ಪರಿಮಳವಿತ್ತು. ಗೋಡೆಯ ಕಡೆ ಸರಿದಂತೆ ಆ ಪರಿಮಳ ಹೋಗಿ ಮಣ್ಣಿನ ಮುಗ್ಗು ವಾಸನೆ ಶುರುವಾಯಿತು. ನಡುವಿನಿಂದ, ತಳದಿಂದ, ಅಂಚಿನಿಂದ ಬೇರೆ ಬೇರೆಯಾಗಿ ಮುನ್ನೂರು ಮಾದರಿ ತುಂಬಿಕೊಂಡೆ. ದಾವಲಬಿ ಪ್ರತಿ ಡಬ್ಬಿಯನ್ನೂ ತಾನೊಮ್ಮೆ ಮೂಸಿ ಕೊಡುತ್ತಿದ್ದಳು. ಆಮೇಲೆ ನೋಡಿದರೆ ಅವಳು "ಛಲೋ" ಎಂದದ್ದು, "ಬ್ಯಾಡ" ಎಂದದ್ದು ಪ್ರಯೋಗಶಾಲೆಯ ಉತ್ತರಕ್ಕೆ ಮುನ್ನೂರರಲ್ಲಿ ಇನ್ನೂರ ತೊಂಬತ್ತಾರು ಸಲ ಸರಿಯಾಗಿ ಹೊಂದಿತ್ತು.

ಮೂಗಿಗೆ ಮತ್ತೆ ಪಾಠವಾಯಿತು. ಬಾಳವ್ವ ಹೇಳಿದ್ದ ಶುಕ್ರವಾರ ಜಾಲಿದಿನ್ನಿಯ ಇಪ್ಪತ್ತು ಚೀಲಗಳು ಪೇಟೆಯ ಬಾಗಿಲಿಗೆ ಬಂದಾಗ ನಾವೆಲ್ಲ ಗೋಡೆಯ ಮುಂದೆ ನಿಂತಿದ್ದೆವು. ಹಸಿರು, ಹಸಿರು, ಹಸಿರು. ಇಪ್ಪತ್ತಕ್ಕೆ ಇಪ್ಪತ್ತೂ. ಪಟ್ಟಣಶೆಟ್ಟರು ಎಲ್ಲರಿಗೂ ಪೇಢೆ ತರಿಸಿದರು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಬರೆಯುವ ತೊಂದರೆ ತೆಗೆದುಕೊಳ್ಳುತ್ತಿರಲಿಲ್ಲ. ತಪ್ಪು ಒಪ್ಪಿಕೊಂಡ ವಿಜ್ಞಾನಿ ಎಂದು ನಾಲ್ಕು ಜನ ಹೊಗಳುತ್ತಿದ್ದರು, ನಾನೂ ತಲೆ ತಗ್ಗಿಸಿ ಖುಷಿಪಡುತ್ತಿದ್ದೆ.

ಮರುದಿನ ರೊಟ್ಟಿಮನೆಯವರು ಊಟಕ್ಕೆ ಕರೆದರು. ಹತ್ತೊಂಬತ್ತು ಜನ ಹೆಂಗಸರು, ಸಾಲು ಹಂಚು, ಪಟಪಟ ಬಡಿಯುವ ಸದ್ದು. ಎಲ್ಲರಿಗೂ ತೋರಿಸೋಣವೆಂದು ಕೈಮೂಗನ್ನು ತಂದಿದ್ದೆ. ಅಂಗೈಯಗಲದ ಸಣ್ಣ ಯಂತ್ರ ಅದು. ಹಿಟ್ಟಿನ ಡಬ್ಬಿಗೆ ಹಿಡಿದೆ, ಹಸಿರು. ಎಲ್ಲರೂ ಚಪ್ಪಾಳೆ ತಟ್ಟಿದರು. ಚೀಲಗಳ ಕಡೆ ಹಿಡಿದೆ, ಹಸಿರು. ಹಾಗೆಯೇ ತಿರುಗುತ್ತ ಬಾಗಿಲ ಹಿಂದಿನ ಮೂಲೆಗೆ ಹೋದಾಗ ಅದು ಕಿರ್ರೆಂದು ಕೂಗಿ ಕಡುಗೆಂಪಾಯಿತು. ಅಲ್ಲಿ ನಾಲ್ಕು ಹಳೆಯ ಚೀಲಗಳಿದ್ದವು. ಒಂದರ ಬಾಯಿ ಬಿಚ್ಚಿದೆ. ಕಪ್ಪು ತಿರುಗಿದ ಕಾಳು.

"ಇದು ಯಾರದು?"

ಬಡಿಯುವ ಸದ್ದು ನಿಂತಿತು. "ಅದು ಸಾಲೀದಲ್ರಿ," ಎಂದಳು ಬಾಳವ್ವ ಗಾಬರಿಯಿಂದ. "ದೇವರಾಣಿ, ಅದರಾಗಿಂದು ಒಂದ ಕಾಳ ಸಾಲಿ ರೊಟ್ಟಿಗೆ ಹಾಕಿಲ್ಲ. ಅದು ನಮ್ಮದು. ಮನೀಗೆ ಒಯ್ಯೂದು."

"ಮನೆಗೆ? ದನಕ್ಕಾ?"

"ನಮಗ್ರಿ. ಹಗೇವ ಇಳದವರಿಗೆ ಅಂಚಿನ ಜೋಳ. ಹಿಂದಿನಿಂದ ಬಂದ ಪದ್ಧತಿ. ನಡುವಿಂದು ಮಾರಾಕ, ಅಂಚಿಂದು ನಮ್ಮ ಕೂಲಿ. ಮೂರ ಸಲ ತೊಳದು ಬಿಸಲಿಗೆ ಹಾಕತೀವಿ, ಏನಾಗೂದಿಲ್ಲ."

ಅಲ್ಲೇ ಚೀಲದ ಮೇಲೆ ಕುಳಿತೆ. ಮೂರು ಸಲವಲ್ಲ, ಮೂವತ್ತು ಸಲ ತೊಳೆದರೂ ಆ ವಿಷ ಹೋಗುವುದಿಲ್ಲ, ಹಂಚಿನ ಕಾವಿಗೂ ಸಾಯುವುದಿಲ್ಲ ಎಂದು ಹೇಳಬೇಕಾಯಿತು. ಒಂದು ದಿನಕ್ಕೆ ಏನೂ ತಿಳಿಯುವುದಿಲ್ಲ, ವರ್ಷಗಟ್ಟಲೆ ತಿಂದರೆ ಲಿವರಿಗೆ ಕುತ್ತು. ಸಣ್ಣ ಮಕ್ಕಳ ಬೆಳವಣಿಗೆಯೇ ಕುಗ್ಗುತ್ತದೆ ಎಂದೂ ಹೇಳಿದೆ. ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ. ಇಪ್ಪತ್ತೆರಡು ಶಾಲೆಯ ಮಕ್ಕಳಿಗೆ ನಡುವಿನ ಜೋಳ ಬಡಿದು ಕಳಿಸಿ, ಈ ತಾಯಂದಿರು ತಮ್ಮ ಮಕ್ಕಳಿಗೆ ರಾತ್ರಿಯೂಟಕ್ಕೆ ಇದನ್ನು ಹಾಕುತ್ತಿದ್ದರು. ನಮ್ಮ ಕಾನೂನು ಮಾರುವ ಚೀಲವನ್ನಷ್ಟೇ ಮೂಸುತ್ತಿತ್ತು. ಕೂಲಿಯಾಗಿ ಕೊಟ್ಟ ಕಾಳು ಮಾರಾಟವಲ್ಲ, ಆದ್ದರಿಂದ ಅದರ ಸುದ್ದಿಗೆ ನಾವು ಹೋಗಿರಲೇ ಇಲ್ಲ. ಸಮಿತಿಯಲ್ಲಿ ಕುಳಿತು ಬರೆದದ್ದು ನಾವೇ.

ಬಾಳವ್ವ ಅಳಲಿಲ್ಲ. ಕೈಯ ಹಿಟ್ಟು ಕೊಡವಿ, ಸೆರಗು ಸಿಕ್ಕಿಸಿಕೊಂಡು, ಸೀದಾ ಸಂಘದ ಕಾರ್ಯದರ್ಶಿ ಶಿವಪುತ್ರಪ್ಪನವರ ಮನೆಗೆ ನಡೆದಳು. ನಾನೂ ಹಿಂದೆ ಹೋದೆ.

"ಅಣ್ಣಾರ, ಇನ್ನ ನಮಗ ಅಂಚಿಂದು ಬ್ಯಾಡ. ನಡುವಿಂದ ಕೊಡ್ರಿ. ಅಂಚಿನ್ಯಾಗ ವಿಷ ಐತಂತ."

ಶಿವಪುತ್ರಪ್ಪ ಕೆಟ್ಟ ಮನುಷ್ಯರಲ್ಲ. ಬೆಚ್ಚಿಬಿದ್ದರು. ಆದರೆ ಸಂಘದಲ್ಲಿ ನೂರೆಂಟು ಮಂದಿ. "ನಮ್ಮಜ್ಜನ ಕಾಲದಿಂದ ನಡದದ್ದು, ನಾ ಒಬ್ಬ ಹೆಂಗ ತಿರುಗಿಸಲಿ ಬಾಳವ್ವ? ಸಭೆ ಮುಂದ ಇಡಾಕ ಒಂದು ಕಾಗದ ಬೇಕು. ವಿಷ ಐತಿ ಅಂತ ಕಾಗದ ಎಲ್ಲೈತಿ?"

ನನ್ನ ಕೈಮೂಗಿಗೆ ಕಾನೂನಿನಲ್ಲಿ ಬೆಲೆಯಿಲ್ಲ, ಪ್ರಯೋಗಶಾಲೆಯ ಉತ್ತರವೂ ನಮ್ಮ ಒಳಬಳಕೆಗೆ ಮಾತ್ರ. ಕಾಗದ ಕೊಡುವ ಅಧಿಕಾರವಿದ್ದದ್ದು ಬಾಗಿಲಿನ ಮೂಗಿಗೆ. ಬಾಗಿಲು ಮೂಸಬೇಕಾದರೆ ಒಂದು ಸಂಖ್ಯೆ ಬೇಕು. ಈ ಹೆಂಗಸರ ಬಳಿ ಇದ್ದ ಸಂಖ್ಯೆ ಒಂದೇ, ರೊಟ್ಟಿಮನೆಯದು. ಅದರ ಮೇಲೆ ಆಗಲೇ ಎರಡು ಕೆಂಪು ಇದ್ದವು. ನಮ್ಮ ಮೂಗಿನ ತಪ್ಪಿಗೆ ಬಿದ್ದವೇ ಆದರೂ ಅವನ್ನು ಅಳಿಸಲು ಪರಿಷತ್ತಿನ ಸಭೆಯೇ ಆಗಬೇಕಿತ್ತು. ನಾನು ಅರ್ಜಿ ಹಾಕಿ ಇನ್ನೂ ಎರಡು ದಿನವಾಗಿತ್ತಷ್ಟೇ.

"ಸ್ವಲ್ಪ ದಿನ ತಡೀರಿ," ಎಂದು ಬಾಳವ್ವನಿಗೆ ಹೇಳಿದೆ.

"ತಡದರ ಅಲ್ಲೀತನಕ ಮನ್ಯಾಗ ಏನ ತಿನ್ನಿಸ್ಲಿ?" ಎಂದಳು.

ಸೋಮವಾರ ಹನ್ನೊಂದು ಗಂಟೆಗೆ ನಾನು ನಿಯಂತ್ರಣ ಕೊಠಡಿಯಲ್ಲಿದ್ದೆ. ಪೇಟೆಯ ಬಾಗಿಲಿನ ಕ್ಯಾಮೆರಾದಲ್ಲಿ ಬಾಳವ್ವ ಕಂಡಳು. ದಾವಲಬಿಯ ತಲೆಯ ಮೇಲೆ ಚೀಲ. ಬಾಗಿಲ ನೌಕರ ಮೂತಿ ತಿರುವುತ್ತಿದ್ದ.

"ಮಾರೂದಲ್ಲದ್ದಕ್ಕ ಮೂಗಿಲ್ಲಬೇ. ಹೋಗಿನ್ನ."

"ಇದು ಮಾರೂದಲ್ಲ, ತಿನ್ನೂದು. ಮಾರೂದಕ್ಕ ಮೂಗು ಐತಿ, ತಿನ್ನೂದಕ್ಕ ಇಲ್ಲೇನು?" ಎಂದಳು ಬಾಳವ್ವ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. "ನಂಬರ ಬೇಕಲ್ಲ ನಿನಗ? ಬರಕೋ." ರೊಟ್ಟಿಮನೆಯ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಹೇಳಿದಳು.

ನನ್ನ ಮುಂದಿನ ಗೋಡೆಯಲ್ಲಿ ಕೆಂಪು ಬಿತ್ತು. ಮೂರನೆಯದು.

ಅಂದಿನ ದಾಖಲೆ ಸಂಜೆ ಪರಿಷತ್ತಿಗೆ ಹೋಗುವತನಕ ಆ ಚುಕ್ಕೆಯನ್ನು ಒರೆಸಿಹಾಕಲು ನನ್ನ ಒಂದು ಬೆರಳು ಸಾಕಿತ್ತು. ಬೆರಳು ಅಲ್ಲಿಗೆ ಹೋಗಿತ್ತು ಕೂಡ, ಸುಳ್ಳೇಕೆ ಹೇಳಲಿ? ಬಾಗಿಲಿಗೆ ಫೋನು ಮಾಡಿ ಬಾಳವ್ವನನ್ನು ಕರೆಸಿದೆ. "ಇದನ್ನ ನಾನು ಅಳಿಸ್ತೀನಿ. ಇಲ್ಲಾಂದ್ರೆ ನಾಳೆಯಿಂದ ರೊಟ್ಟಿಮನೆ ಬಂದ್ ಆಗ್ತದೆ."

"ಅಳಿಸಿದ್ರ ನನ್ನ ಕಾಗದಾನೂ ಅಳಿಸಿದಂಗ ಆತಲ್ರಿ," ಎಂದಳು. "ಹತ್ತೊಂಬತ್ತೂ ಮಂದಿ ಕುಂತು ಮಾತಾಡೀವ್ರಿ. ಇಬ್ಬರು ಅತ್ತರು, ಆದ್ರ ಒಪ್ಪಿದ್ರು. ಮುಟ್ಟಬ್ಯಾಡ್ರಿ ಅಕ್ಕಾರ."

ಮುಟ್ಟಲಿಲ್ಲ. ನಾನೇ ಬರೆದ ನಿಯಮದಂತೆ ಮರುದಿನ ರೊಟ್ಟಿಮನೆಗೆ ಬೀಗ ಬಿತ್ತು.

ಆಮೇಲಿನ ಹತ್ತೊಂಬತ್ತು ದಿನ ನನ್ನ ಜೀವನದಲ್ಲೇ ಉದ್ದವಾದವು. ಶಾಲೆಗಳಿಂದ ದಿನವೂ ಫೋನು. ಮಕ್ಕಳು ಅನ್ನ ಬಿಟ್ಟೇಳುತ್ತಿದ್ದಾರೆ, ರೊಟ್ಟಿ ಯಾವಾಗ ಎಂದು ಹೆಡ್ ಮಾಸ್ತರರ ಜಗಳ. ಜಾಲಿದಿನ್ನಿಯಲ್ಲಿ ಹಗೇವಿನ ಬಂಡೆ ಮುಚ್ಚಿಯೇ ಇತ್ತು. ಇಳಿಯುವವರು ಇಳಿಯಲಿಲ್ಲ, ಇಳಿಯಲು ಬೇರೆಯವರಿಗೆ ಬರುವುದಿಲ್ಲ. ಶಿವಪುತ್ರಪ್ಪ ಆ ಕೆಂಪು ಕಾಗದವನ್ನು ಸಂಘದ ಸಭೆಯಲ್ಲಿ ಗಟ್ಟಿಯಾಗಿ ಓದಿದರಂತೆ. ಆರನೆಯ ದಿನ ನಾನು ನೋಡುತ್ತಿದ್ದಂತೆ ಗೋಡೆಯ ಮೇಲೆ ಇನ್ನೊಂದು ಬಾಗಿಲಿನಲ್ಲಿ ಕೆಂಪು ಬಿತ್ತು, ಆಮೇಲೆ ಮತ್ತೊಂದರಲ್ಲಿ. ಕ್ಯಾಮೆರಾ ತಿರುಗಿಸಿ ನೋಡಿದೆ. ಜಾಲಿದಿನ್ನಿಯ ಸುದ್ದಿ ಕೇಳಿ ಬೇರೆ ಬೇರೆ ಊರಿನ ಕೂಲಿಯವರು ತಮಗೆ ಕೊಟ್ಟ ಕಾಳನ್ನು ಹೊತ್ತು ತಂದಿದ್ದರು. ಹಗೇವು ಇಳಿಯುವವರು, ಮಿಲ್ಲಿನಲ್ಲಿ ನುಚ್ಚು ಪಡೆಯುವವರು, ಗೋದಾಮು ಗುಡಿಸಿ ಉದುರುಕಾಳು ಒಯ್ಯುವವರು. ಸಂಖ್ಯೆ ಇಲ್ಲದವರಿಗೆ ಪೇಟೆಯ ಅಂಗಡಿಕಾರರೇ ಕೆಲವರು ತಮ್ಮ ಸಂಖ್ಯೆ ಕೊಟ್ಟರು. ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಕಣ್ಣು ತುಂಬಿ ಬಂತು. ಹನ್ನೆರಡನೆಯ ದಿನಕ್ಕೆ ಗೋಡೆ ಕುಂಕುಮ ಎರಚಿದಂತಾಗಿತ್ತು, ಪಟ್ಟಣಶೆಟ್ಟರು ಬಂದು ಅದನ್ನು ನೋಡಿದರು. ನಂತರ ತಾವಾಗಿಯೇ ಪರಿಷತ್ತಿಗೆ ಫೋನು ಮಾಡಿದರು.

ಸಭೆಗೆ ಬಾಳವ್ವನನ್ನೂ ಕರೆಸಿದರು. ಮೊದಲು ನಾನು ಎದ್ದು ಏಳು ಚೀಟಿಯ ಕಥೆ ಹೇಳಿದೆ, ಚೂಡಿದಾರವನ್ನೂ ಬಿಡದೆ. ಕೆಲವರು ನಕ್ಕರು. ಬಾಳವ್ವ ಬಾಗಿಲಲ್ಲಿ ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳಿ ಕುಳಿತಳು. ಆಗ ಯಾರೂ ನಗಲಿಲ್ಲ. ತಿದ್ದಿದ ನಿಯಮ ಒಂದೂವರೆ ಸಾಲಿನದು: ಕೂಲಿಯಾಗಿ ಕೊಡುವ ಕಾಳು ಮಾರುವ ಕಾಳಿನದೇ ಆಗಿರಬೇಕು, ತಿನ್ನುವ ಕಾಳನ್ನು ಯಾರು ತಂದರೂ ಬಾಗಿಲು ಮೂಸಿ ಕೊಡಬೇಕು, ಆ ಕೆಂಪನ್ನು ಯಾರ ಮೇಲೂ ತಪ್ಪೆಂದು ಎಣಿಸಬಾರದು. ಸಂಘದವರು ಸ್ವಲ್ಪ ಗೊಣಗಿದರು. ಚೀಲಕ್ಕೆ ಇಷ್ಟು ಕಡಿಮೆಯಾಗುತ್ತದೆ ಎಂದರು. ಹಗೇವಿನ ಗೋಡೆಗೆ ತೇವ ತಡೆಯುವ ಹೊಸ ಲೇಪ ಹಾಕಿಕೊಟ್ಟು ಅಂಚನ್ನೇ ಕಡಿಮೆ ಮಾಡೋಣ ಎಂದು ನಮ್ಮ ಪ್ರಯೋಗಶಾಲೆ ಒಪ್ಪಿಕೊಂಡಿತು. ಅದರ ಕೆಲಸ ಇನ್ನೂ ನಡೆದಿದೆ, ಪೂರ್ತಿ ಗೆದ್ದಿಲ್ಲ. ಮುಚ್ಚಿದ್ದ ಅರವತ್ತೊಂದು ಊರುಗಳಲ್ಲಿ ಹದಿನಾಲ್ಕು ಊರಿನವರು ಹಗೇವು ಮತ್ತೆ ತೋಡುತ್ತಿದ್ದಾರೆ.

ರೊಟ್ಟಿಮನೆಯ ಮೂರು ಕೆಂಪನ್ನೂ ಪರಿಷತ್ತು ಅಳಿಸಿತು, ಇಪ್ಪತ್ತನೆಯ ದಿನ ಬೀಗ ತೆಗೆಯಿತು. ಅಂದು ಹಗೇವು ಇಳಿದು ಮೊದಲು ತುಂಬಿದ ಎರಡು ಚೀಲ ನಡುವಿನ ಜೋಳವನ್ನು ಇಳಿದವರ ಪಾಲೆಂದು ಬೇರೆ ಇಟ್ಟರು. ಸಂಜೆ ಬಾಳವ್ವ ನನ್ನನ್ನು ಮನೆಗೆ ಎಳೆದುಕೊಂಡು ಹೋದಳು. ಬಾಳವ್ವ ಒಲೆಯ ಮುಂದೆ, ನಾನು ಗೋಡೆಗೆ ಒರಗಿ, ಎದುರಿಗೆ ಎರಡನೇ ಇಯತ್ತೆ ಓದುವ ಅವಳ ಮಗಳು ಭುವನಾ. ಹುಡುಗಿ ಬಿಸಿ ರೊಟ್ಟಿ ಮುರಿದು ಬಾಯಿಗಿಟ್ಟಳು. ಅಗಿಯುವುದನ್ನು ನಿಲ್ಲಿಸಿ ಅವ್ವನನ್ನು ನೋಡಿದಳು.

"ಅವ್ವಾ, ಇದು ಸಾಲಿ ರೊಟ್ಟಿ!"

"ಅಲ್ಲ, ನಾನ ಈಗ ಮಾಡಿದ್ದು."

"ಅಲ್ಲ, ಸಾಲೀದ. ಮನೀ ರೊಟ್ಟಿ ಕಹಿ ಇರ್ತದಲ್ಲ?"

ಬಾಳವ್ವನ ಕೈ ಹಿಟ್ಟಿನ ಮೇಲೆ ನಿಂತಿತು. ಮನೆಯ ರೊಟ್ಟಿ ಬೇರೆ ಜಾತಿಯದು, ಅದು ಕಹಿಯಾಗಿಯೇ ಇರುತ್ತದೆ ಎಂದು ಆ ಹುಡುಗಿ ಇಷ್ಟು ದಿನ ತಿಳಿದಿದ್ದಳು. ಯಾರನ್ನೂ ಕೇಳಿರಲೂ ಇಲ್ಲ. ನನಗೆ ಅಳು ತಡೆಯಲಾಗಲಿಲ್ಲ, ಬಾಳವ್ವನೂ ಸೆರಗಿನಿಂದ ಕಣ್ಣೊರೆಸಿಕೊಂಡಳು, ಒಲೆಯ ಹೊಗೆ ಎಂದು ಯಾರೂ ನೆಪ ಹೇಳಲಿಲ್ಲ.

"ಇನ್ನಮ್ಯಾಲ ಮನೀದೂ ಇದ, ಸಾಲೀದೂ ಇದ," ಎಂದಳು ಬಾಳವ್ವ.

ಭುವನಾ ನಮ್ಮಿಬ್ಬರನ್ನೂ ಒಂದು ಕ್ಷಣ ಅನುಮಾನದಿಂದ ನೋಡಿದಳು. "ನಾಳಿಗೂ?" ಎಂದಳು.

"ನಾಳಿಗೂ."

"ಹಂಗಾರ ಇನ್ನೊಂದ ಹಾಕು," ಎಂದು ತಾಟು ಮುಂದೆ ಚಾಚಿದಳು.